ನಿದ್ದೆಯಣ್ಣನ ಒಂದು ಕಣ್ಣು

ಅವನ ಕುರ್ಚಿಯಲ್ಲಿ ಗಡ್ಡಕ್ಕೆ ಕೂತವರು ನಿದ್ದೆ ಹೋಗದೆ ಎದ್ದದ್ದಿಲ್ಲ. ಅಷ್ಟು ಹಗುರ ಕೈ. ಅದಕ್ಕೇ ಬೀದಿಯವರಿಗೆಲ್ಲ ಅವನು ನಿದ್ದೆಯಣ್ಣ. ಮೂವತ್ತು ವರ್ಷ ಕ್ಷೌರ ಮಾಡಿದವನಿಗೆ ಇದಕ್ಕಿಂತ ದೊಡ್ಡ ಬಿರುದು ಯಾಕೆ ಬೇಕು?

ಸೋಂಕು ತಗುಲಿ ಎಡಗಣ್ಣು ಹೋಯಿತು. ‘ಇನ್ನೊಂದು ಇದೆಯಲ್ಲ’ ಎಂದು ಗಾಯ ಮಾಗಿದ ಮರುದಿನವೇ ಅಂಗಡಿ ತೆರೆದ. ಎಡವಿದ್ದು ಅಲ್ಲೇ. ಎದುರಿಗಿದ್ದ ಮುಖ ಗೋಡೆಗೆ ಅಂಟಿಸಿದ ಪಟದ ಹಾಗೆ ಚಪ್ಪಟೆಯಾಗಿತ್ತು. ಕೆನ್ನೆಗೆ ಇಟ್ಟೆನೆಂದುಕೊಂಡ ಕತ್ತಿ ಬರೀ ಗಾಳಿಯನ್ನು ಬೋಳಿಸಿತು. ಇನ್ನಷ್ಟು ಮುಂದೆ ಚಾಚಿದ. ಊರ ಮಕ್ಕಳ ಕಿವಿ ಹಿಂಡಿದ್ದ ಮೇಷ್ಟ್ರ ಕಿವಿಯನ್ನೇ ಕೊಯ್ದ. ರಕ್ತ ನಿಂತಿತು, ಸುದ್ದಿ ನಿಲ್ಲಲಿಲ್ಲ. ಆಮೇಲೆ ಬಂದ ನಾಲ್ಕಾರು ಮಂದಿ ಕಣ್ಣು ಮಿಟುಕಿಸದೆ ಕತ್ತಿಯನ್ನೇ ಕಾಯುತ್ತಿದ್ದರು. ಕೊನೆಗೆ ಅವರೂ ಎದುರಿನ ಕ್ಷೌರದಂಗಡಿ ಹಿಡಿದರು.

ಹಿತ್ತಲಲ್ಲಿ ಕೋಳಿಗೆ ಕಾಳು ಚೆಲ್ಲುತ್ತಿದ್ದ ಹೆಂಡತಿ ಅಂದಳು: “ಇದನ್ನ ನೋಡಿ. ಒಂದೊಂದು ಕಣ್ಣು ಒಂದೊಂದು ಕಡೆ. ಆದ್ರೂ ಒಂದು ಕಾಳು ತಪ್ಪಲ್ಲ. ತಲೆ ಹೇಗೆ ಆಡಿಸುತ್ತೆ! ನೀವು ಕಂಬದ ಹಾಗೆ ನಿಂತ್ಕೊಂಡ್ರೆ ಏನು ಕಾಣುತ್ತೆ?”

“ಕೋಳಿ ಹತ್ರ ಕಸುಬು ಕಲೀಲಾ?”

“ಕಲೀರಿ. ಅದೇನು ಫೀಸು ಕೇಳುತ್ತಾ?”

ಖಾಲಿ ಅಂಗಡಿಯಲ್ಲಿ ಬಲೂನು ಊದಿ, ಗೋಡೆಯೆದುರು ತೂಗುಹಾಕಿ, ನೊರೆ ಬಳಿದು, ಕತ್ತಿ ಹಿಡಿದ. ಮೊದಲ ದಿನ ಒಂಬತ್ತು ಬಲೂನು ಒಡೆದವು. ತಲೆಯನ್ನು ಅತ್ತಿತ್ತ ವಾಲಿಸಿದರೆ ಹತ್ತಿರದ್ದು ಹೆಚ್ಚು ಸರಿಯುತ್ತಿತ್ತು, ದೂರದ್ದು ಕಡಿಮೆ. ಒಂದು ಸಲ ವಾಲಿದರೆ ಏನೂ ತಿಳಿಯದು. ಮೂರನೇ ಸಲಕ್ಕೆ ಬಲೂನು ಗೋಡೆ ಬಿಟ್ಟು ಮುಂದೆ ಬರುತ್ತಿತ್ತು. ಕಣ್ಣು ಬಿಟ್ಟೊಡನೆ ಪುಕ್ಕಟೆ ಸಿಗುತ್ತಿದ್ದ ದೂರದ ಅಂದಾಜಿಗೆ ಈಗ ಕಾಯಬೇಕಾಗಿತ್ತು. ಎರಡು ತಿಂಗಳು ಹಲ್ಲು ಕಚ್ಚಿ ಕಾಯುವುದನ್ನು ಕಲಿತ.

ಒಂದು ಬೆಳಿಗ್ಗೆ ಮೇಷ್ಟ್ರೇ ಬಂದು ಕುರ್ಚಿಯಲ್ಲಿ ಕೂತರು.

“ಮೇಷ್ಟ್ರೇ, ನೀವಾ?”

“ಎದುರು ಅಂಗಡೀಲಿ ಕಿವಿ ಉಳಿಯುತ್ತೆ, ನಿದ್ದೆ ಬರಲ್ಲ ಕಣಯ್ಯ. ಶುರು ಮಾಡು.”

ತಲೆ ವಾಲಿಸಿದ. ಕಾದ. ಕಿರುಬೆರಳನ್ನು ಕೆನ್ನೆಗೆ ಆನಿಸಿ ಕತ್ತಿ ಇಳಿಸಿದ. ಕನ್ನಡಿಯೊಳಗಿಂದ ಮೇಷ್ಟ್ರ ಕಣ್ಣು ಅವನ ಕೈಯನ್ನೇ ಹಿಂಬಾಲಿಸುತ್ತಿತ್ತು. ಎರಡನೇ ಕೆನ್ನೆಗೆ ಬರುವಷ್ಟರಲ್ಲಿ ಅವರ ರೆಪ್ಪೆಗಳು ಇಳಿದವು. ಕತ್ತಿ ಗದ್ದದ ಹತ್ತಿರ ಬಂದಾಗ ಸಣ್ಣ ಗೊರಕೆ ಕೇಳಿಸಿತು.

ನಿದ್ದೆಯಣ್ಣನಿಗೆ ಅಳು ಉಕ್ಕಿ ಬಂತು. ಆದರೆ ಅಳುವ ಹಾಗಿರಲಿಲ್ಲ. ಇದ್ದದ್ದು ಒಂದೇ ಕಣ್ಣು, ಗಂಟಲಿನ ಭಾಗ ಇನ್ನೂ ಬಾಕಿ ಇತ್ತು.