ಮುಖ ಕಾಣದ ಫೋಟೊ

"ಅಯ್ಯೋ ಮೇಡಂ, ಈ ಫೋಟೊ ತೋರಿಸಿದ್ರೆ ನಮಗೆ ಯಾರೂ ಕೆಲಸ ಕೊಡಲ್ಲ!"

ಶಿವಮೊಗ್ಗದ ಸಭೆಗೆ ಅರ್ಧ ಗಂಟೆಯಿತ್ತು. ನನ್ನ ಲ್ಯಾಪ್‌ಟಾಪಿಗೆ ಇಣುಕಿ ಹೀಗೆಂದವಳು ಕಾವೇರಿ, ಭದ್ರಾವತಿಯ ನಮ್ಮ ತರಬೇತಿ ಕೇಂದ್ರದಲ್ಲಿ ವೆಲ್ಡಿಂಗ್ ಕಲಿತವಳು. ವರ್ಕ್‌ಶಾಪ್ ಮಾಲೀಕರಿಗೆ ತೋರಿಸುವ ಸ್ಲೈಡಿಗಾಗಿ, ಮುಖ ಚೆಂದ ಕಾಣಲೆಂದು ಕಣ್ಣು-ಮುಖ ಕಾಯುವ ಅವಳ ವೆಲ್ಡಿಂಗ್ ಮಾಸ್ಕ್ ತೆಗೆಸಿ, ಕೈಗೆ ವೆಲ್ಡಿಂಗ್ ರಾಡು ಕೊಟ್ಟು ಫೋಟೊ ತೆಗೆದವಳು ನಾನೇ. ಬರಿಗಣ್ಣಲ್ಲಿ ವೆಲ್ಡಿಂಗ್! ಕಸುಬು ಬಲ್ಲವರು ಒಪ್ಪುತ್ತಾರಾ?

ಕಾವೇರಿ ತನ್ನ ಮೊಬೈಲಿನಿಂದ ಬೇರೆ ಫೋಟೊ ಕಳಿಸಿದಳು. ಅದರಲ್ಲಿ ಬರೀ ಮಾಸ್ಕು, ಕಿಡಿ.

"ಯಾರಂತಲೇ ಗೊತ್ತಾಗಲ್ವಲ್ಲೇ ಮಾರಾಯ್ತಿ!" ಎಂದೆ.

"ಕೆಲಸ ಗೊತ್ತಾಗುತ್ತಲ್ಲ ಮೇಡಂ."

ಅವಳ ಫೋಟೊವನ್ನೇ ಸ್ಲೈಡಿಗೆ ಹಾಕಿದೆ. ಸಭೆಯಲ್ಲಿ ಆ ಸ್ಲೈಡ್ ಬಂದಾಗ ಮಾಲೀಕರೊಬ್ಬರು ಕೈಯೆತ್ತಿ, "ಇವರು ಸೋಮವಾರದಿಂದ ಬರ್ತಾರಾ?" ಎಂದರು. ಹಿಂದಿನ ಸಾಲಿನಲ್ಲಿ ಕಾವೇರಿ ಎದ್ದು ನಿಂತಳು. ನನಗೆ ಹೋದ ಜೀವ ಬಂದಂತಾಯಿತು.

ಈಗ ಫೋಟೊ ತೆಗೆಯುವಾಗ ನಾನು "ಸ್ವಲ್ಪ ನಗಿ" ಅನ್ನಲ್ಲ, "ಮಾಸ್ಕ್ ಹಾಕ್ಕೊಳ್ಳಿ" ಅಂತೀನಿ.