ನಾನು ಓಡಿಸದ ರೀಲು

ಹಾಲೆಂಡಿನ ರೈಸ್‌ವೈಕ್‌ನಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದ ಮೇಲೆ ನನಗೆ ಸಿಕ್ಕ ಒಬ್ಬರೇ ಗೆಳೆಯರೆಂದರೆ ಪಕ್ಕದ ಮನೆಯ ಡಚ್ ಮುದುಕರು, ನಿವೃತ್ತ ಟ್ರಾಮ್ ಚಾಲಕರು. ನನ್ನದು ಹೈಸ್ಕೂಲಿನ ಇಂಗ್ಲಿಷ್, ಅವರದು ಟಿವಿಯ ಇಂಗ್ಲಿಷ್. ನಮ್ಮನ್ನು ಹತ್ತಿರ ತಂದದ್ದು ಹಳೆಯ ಬ್ರಿಟಿಷ್ ಹಾಸ್ಯಚಿತ್ರಗಳ ಒಂದು ಮಾಲಿಕೆ. ಅದೇ ಏಳೆಂಟು ಮುಖಗಳು ಒಂದರಲ್ಲಿ ಹಡಗಿನವರು, ಇನ್ನೊಂದರಲ್ಲಿ ಹೋಟೆಲಿನವರು. ಎಲ್ಲದರಲ್ಲೂ ಯಾರದಾದರೊಂದು ಪ್ಯಾಂಟು ಜಾರುತ್ತಿತ್ತು.

ಬೆಂಗಳೂರಿನ ದಂಡು ಪ್ರದೇಶದ ಟಾಕೀಸಿನಲ್ಲಿ ನಾನು ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಆ ಚಿತ್ರಗಳನ್ನೆಲ್ಲ ಮಾರ್ನಿಂಗ್ ಶೋಗೆ ಓಡಿಸಿದವನು ನಾನೇ. ಇದನ್ನು ಕೇಳಿದ್ದೇ ತಡ, ಅವರು ನನ್ನನ್ನು ದೊಡ್ಡ ಪಂಡಿತನೆಂದು ತಿಳಿದುಬಿಟ್ಟರು. ನಾನೂ ತಡೆಯಲಿಲ್ಲ. ಈ ವಯಸ್ಸಿನಲ್ಲಿ ಪಂಡಿತನಾಗುವ ಅವಕಾಶ ಎಲ್ಲರಿಗೂ ಬರುವುದಿಲ್ಲ.

ಒಂದು ಮಧ್ಯಾಹ್ನ ಅವರು ಆ ಮಾಲಿಕೆಯ ದಪ್ಪನೆಯ ಸಚಿತ್ರ ಇತಿಹಾಸವನ್ನು ಎದೆಗವಚಿಕೊಂಡು ಬಂದರು. ಹಡಗಿನ ಚಿತ್ರದ ಪುಟ ತೆರೆದರು. ಮದುವೆಯ ಕೇಕಿನಲ್ಲಿ ಕ್ಯಾಪ್ಟನ್ನನ ತಲೆ ಕಿವಿಯವರೆಗೆ ಹೂತುಹೋಗಿತ್ತು.

"ಇಲ್ಲಿ ನನ್ನ ಹೆಂಡತಿ ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದಿದ್ದಳು. ನಿಮ್ಮ ಜನ ಏನು ಮಾಡಿದರು?"

ಆ ಕೇಕನ್ನು ನಾನು ನೋಡುತ್ತಿದ್ದದ್ದು ಅದೇ ಮೊದಲು. ಇಂಗ್ಲಿಷ್ ಚಿತ್ರ ಮುಗಿಯುವ ಮೊದಲೇ ಮ್ಯಾಟಿನಿಯ ಜನ ಗೇಟಿನ ಮುಂದೆ ಸೇರುತ್ತಿದ್ದರು. "ಗೇಟ್ ಮುರಿದುಹಾಕ್ತಾರೆ, ಒಂದ್ ರೀಲ್ ಎತ್ಬಿಡಯ್ಯ!" ಎಂದು ಮ್ಯಾನೇಜರ್ ಕೆಳಗಿನಿಂದ ಕೂಗುತ್ತಿದ್ದರು. ಕೊನೆಯ ರೀಲಿಗೆ ಮುಂಚಿನದನ್ನು ನಾನು ಓಡಿಸದೆ ಎತ್ತಿಬಿಡುತ್ತಿದ್ದೆ. ಯಾರೂ ದೂರಲಿಲ್ಲ. ಕೊನೆಯ ರೀಲಿನಲ್ಲಿ ಕ್ಯಾಪ್ಟನ್ನನ ಕಿವಿಗೆ ಮೆತ್ತಿದ್ದ ಬಿಳಿಯನ್ನು ನಾನು ಕ್ಷೌರದ ಸೋಪು ಅಂದುಕೊಂಡಿದ್ದೆ.

"ಎದ್ದು ನಿಂತು ಶಿಳ್ಳೆ ಹೊಡೆದರು," ಎಂದೆ.

ಅವರ ಕಣ್ಣು ತುಂಬಿತು. ಶನಿವಾರ ತಮ್ಮ ಹುಟ್ಟುಹಬ್ಬಕ್ಕೆ ಬಂದು ಇದನ್ನು ಎಲ್ಲರಿಗೂ ಹೇಳಬೇಕೆಂದು ಕೈ ಹಿಡಿದು ಕೇಳಿದರು.

"ಅಪ್ಪಾ, ನಿಜ ಹೇಳ್ಬಿಡಿ," ಎಂದಳು ರಾತ್ರಿ ಇದನ್ನೆಲ್ಲ ಕೇಳಿದ ಮಗಳು.

"ಹೇಳಿದ್ರೆ ಮಾತಾಡೋಕೆ ನಂಗೆ ಇನ್ಯಾರಿದಾರೆ? ನೀನು ಆಫೀಸಿಂದ ಬಂದ್ಮೇಲೂ ಮೀಟಿಂಗಲ್ಲೇ ಇರ್ತೀಯ."

ಇಲ್ಲಿಯ ಹುಟ್ಟುಹಬ್ಬದಲ್ಲಿ ಕುರ್ಚಿಗಳನ್ನು ದುಂಡಗೆ ಹಾಕುತ್ತಾರೆ. ಬಂದವರು ಹುಟ್ಟುಹಬ್ಬದವರದ್ದಷ್ಟೇ ಅಲ್ಲ, ಅಲ್ಲಿರುವ ಪ್ರತಿಯೊಬ್ಬರ ಕೈಯನ್ನೂ ಕುಲುಕಿ ಅಭಿನಂದಿಸಬೇಕು, ನಂತರ ಒಂದು ತುಂಡು ಕೇಕು ಹಿಡಿದು ಕೂರಬೇಕು. ಮಗಳ ಜೊತೆ ಹೋಗಿ ಅಷ್ಟು ಜನರಿಂದ ಅಭಿನಂದನೆ ಪಡೆದ ಮೇಲೆ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಗೆಳೆಯರು ಗೋಡೆಯ ಮೇಲಿದ್ದ ಹೆಂಡತಿಯ ಪಟಕ್ಕೆ ಕೈ ತೋರಿಸಿ, "ಇವಳು ನಕ್ಕ ಕಡೆಯೇ ಬೆಂಗಳೂರಿಗೆ ಬೆಂಗಳೂರೇ ನಕ್ಕಿದೆ," ಎಂದು ನನ್ನತ್ತ ತಿರುಗಿದರು.

ಆ ಪಟದ ಮುಂದೆ ನನ್ನಿಂದಾಗಲಿಲ್ಲ. ರೀಲು ಎತ್ತಿದ್ದು, ಸೋಪು, ಶಿಳ್ಳೆಯ ಸುಳ್ಳು, ಎಲ್ಲವನ್ನೂ ಹೇಳಿದೆ.

"ಹಾಗಾದರೆ ನೀವಿನ್ನೂ ನೋಡೇ ಇಲ್ಲ!" ಎಂದು ಗೆಳೆಯರು ಎದ್ದು, ಡಿವಿಡಿ ಹಾಕಿ, ನನ್ನ ಕುರ್ಚಿಯನ್ನು ಟಿವಿಯ ಮುಂದಕ್ಕೆ ಎಳೆದರು. ದುಂಡಗೆ ಕುಳಿತವರೆಲ್ಲ ನನ್ನ ಮುಖವನ್ನೇ ನೋಡತೊಡಗಿದರು.

ಕ್ಯಾಪ್ಟನ್ ನಡೆದು ಬಂದ, ಜಾರಿದ, ಕೇಕಿನೊಳಗೆ ಬಿದ್ದ. ಅಷ್ಟೇ. ನನಗೆ ಒಂದಿಷ್ಟೂ ನಗು ಬರಲಿಲ್ಲ. ಮ್ಯಾನೇಜರ್ ಸರಿಯಾದ ರೀಲನ್ನೇ ಎತ್ತಿಸಿದ್ದರು.

ಗೆಳೆಯರು ನನ್ನ ಪಕ್ಕಕ್ಕೆ ಬಗ್ಗಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಜಾಸ್ತಿ ಆಯ್ತು ಅಪ್ಪಾ," ಎಂದು ಮಗಳು ಮೆಲ್ಲಗೆ ಕನ್ನಡದಲ್ಲಿ ಎಚ್ಚರಿಸಿದಳು.

ಅವರು ಕಣ್ಣೊರೆಸಿಕೊಳ್ಳುತ್ತ ಆ ದೃಶ್ಯವನ್ನು ಮತ್ತೆ ಮೊದಲಿನಿಂದ ಹಾಕಿದರು.