ಪಕ್ಕದ ಮನೆಯ ಡಿವಿಡೆಂಡು

ನೈರೋಬಿಯ ಲೊರೆಶೋದಲ್ಲಿ ನಮ್ಮ ಪಕ್ಕದ ಮನೆಗೆ ಒಬ್ಬರು ಜರ್ಮನ್ ಮೇಡಂ ಬಂದಿದ್ದರು, ಎರಡು ವರ್ಷದ ಕೆಲಸದ ಮೇಲೆ. ಅವರ ಸ್ವಂತ ಮನೆ, ಬ್ಯಾಂಕು, ತೆರಿಗೆ ಎಲ್ಲ ಜರ್ಮನಿಯಲ್ಲೇ. ನಾನು ಮೈಸೂರಿನಲ್ಲಿ ಆಡಿಟರ್ ಆಫೀಸಿನಲ್ಲಿ ಹನ್ನೆರಡು ವರ್ಷ ದುಡಿದು, ಗಂಡನಿಗೆ ನೈರೋಬಿಗೆ ಪೋಸ್ಟಿಂಗ್ ಆಯಿತು ಅಂತ ಜೊತೆಗೆ ಬಂದು ಸುಮ್ಮನೆ ಕೂತವಳು. ಸುಮ್ಮನೆ ಕೂರೋದು ನನ್ನ ಜಾಯಮಾನಕ್ಕೆ ಒಗ್ಗಲ್ಲ. ಯಾರಾದರೂ ಒಂದು ಕಾಗದ ಹಿಡಿದು ಬಾಗಿಲಿಗೆ ಬಂದರೆ ಸಾಕು, ಕಾಫಿ ಸೋಸೋದಕ್ಕೆ ಮೊದಲೇ ಸಲಹೆ ಕೊಟ್ಟು ಮುಗಿಸಿರುತ್ತಿದ್ದೆ.

ಒಂದು ಮಧ್ಯಾಹ್ನ ಮೇಡಂ ಬ್ಯಾಂಕಿನ ಕಾಗದ ತಂದರು. ಅವರ ದೇಶದ ಯಾವುದೋ ಕಂಪನಿಯ ಷೇರು, ಕೊಂಡು ನಾಲ್ಕು ವರ್ಷ ಆಗಿತ್ತು. ವರ್ಷವರ್ಷ ಡಿವಿಡೆಂಡ್ ಬಂದಿದೆ, ಒಂದು ಪೈಸೆ ತೆರಿಗೆ ಹಿಡಿದಿಲ್ಲ. "ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೊಂಡ ಬೆಲೆಯ ವಿಷಯ ಏನೋ ಇದೆ, ನನಗೆ ಸರಿಯಾಗಿ ತಿಳಿಯಲಿಲ್ಲ" ಅಂದರು.

"ಅಯ್ಯೋ, ಬಿಡಿ ಮೇಡಂ. ಡಿವಿಡೆಂಡ್‌ಗೆ ಎಲ್ಲಿಯ ತೆರಿಗೆ? ಕಂಪನಿಯವರೇ ಕಟ್ಟಿರುತ್ತಾರೆ. ಕೈಗೆ ಬಂದಿದ್ದೆಲ್ಲ ನಿಮ್ಮದೇ" ಅಂದೆ.

ಆಗ ನಮ್ಮ ದೇಶದಲ್ಲಿ ಇದ್ದಿದ್ದು ಹಾಗೆಯೇ. ಎಷ್ಟು ಜನರ ಡಿವಿಡೆಂಡನ್ನು ತೆರಿಗೆ ಇಲ್ಲದ ಕಾಲಮ್ಮಿಗೆ ಕಣ್ಣುಮುಚ್ಚಿ ತುಂಬಿದ್ದೆನೋ! ಜರ್ಮನಿಯಲ್ಲಿ ಬೇರೆ ಥರ ಇರಬಹುದು ಅಂತ ಹೊಳೆಯಲೇ ಇಲ್ಲ.

ಮೇಡಂ ಕೇಳಿದ್ದಕ್ಕೆ ಕಾರಣ ಇತ್ತು. ವಾರಕ್ಕೆ ಮೂರು ದಿನ ಅವರ ಮನೆಗೆ, ಮೂರು ದಿನ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ನಾವಿಬ್ಬರೂ ಇಲ್ಲಿಯವರ ಹಾಗೆ ಮಾಮಾ, ಅಂದರೆ ಅಮ್ಮ, ಅಂತಲೇ ಕರೆಯುತ್ತಿದ್ದೆವು. ಆಕೆಯ ಮನೆ ಕಸರಾನಿಯಲ್ಲಿ. ಮಗಳಿಗೆ ಊರಿನ ಇನ್ನೊಂದು ತುದಿಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಷೇರು ಮಾರಿ ಮೊದಲ ವರ್ಷದ ಫೀಸು, ಹಾಸ್ಟೆಲ್ ಎರಡನ್ನೂ ಕೊಡುತ್ತೇನೆ ಅಂತ ಮೇಡಂ ಮಾತು ಕೊಟ್ಟಿದ್ದರು. ಇಪ್ಪತ್ತು ಯೂರೋಗೆ ಕೊಂಡಿದ್ದು, ಇಪ್ಪತ್ತೆರಡಕ್ಕೆ ಹೋಗುತ್ತೆ, ಲಾಭ ಎರಡೇ, ತೆರಿಗೆ ಎಷ್ಟು ಮಹಾ ಬರುತ್ತೆ ಅಂತ ನಮ್ಮ ಅಡುಗೆಮನೆ ಟೇಬಲ್ಲಿನ ಮೇಲೆ ಲೆಕ್ಕ ಹಾಕಿಕೊಟ್ಟವಳು ನಾನು. ಮಾಮಾ ಅವತ್ತು ಹಾಡು ಗುನುಗಿಕೊಂಡೇ ಪಾತ್ರೆ ತೊಳೆದರು.

ಷೇರು ಮಾರಿದ ಮೇಲೆ ಬ್ಯಾಂಕು ನನ್ನ ಲೆಕ್ಕದ ಮೂರು ಪಟ್ಟು ತೆರಿಗೆ ಹಿಡಿಯಿತು. ಉಳಿದಿದ್ದರಲ್ಲಿ ಫೀಸು ಆಯಿತು, ಹಾಸ್ಟೆಲ್ಲಿಗೆ ಸಾಲಲಿಲ್ಲ. ಸೋಮವಾರ ಮೇಡಂ ಮತ್ತೆ ಅದೇ ಕಾಗದಗಳನ್ನು ತಂದಿಟ್ಟು ಆಫೀಸಿಗೆ ಹೋದರು. ಆ ಸಣ್ಣ ಅಕ್ಷರದ ಸಾಲನ್ನು ಫೋನಿನಲ್ಲಿ ಒಂದೊಂದೇ ಪದ ಹಾಕಿ ಇಂಗ್ಲಿಷಿಗೆ ತಿರುಗಿಸಿದೆ. ಕಂಪನಿ ಹಂಚಿದ್ದು ಲಾಭವನ್ನಲ್ಲ, ಷೇರುದಾರರೇ ಹಿಂದೆ ಹಾಕಿದ್ದ ಬಂಡವಾಳವನ್ನು. ನಿಮ್ಮ ದುಡ್ಡು ನಿಮಗೇ ವಾಪಸ್ಸು, ಅದಕ್ಕೇ ಆಗ ತೆರಿಗೆ ಇಲ್ಲ. ಆದರೆ ಬಂದಷ್ಟನ್ನೂ ಕೊಂಡ ಬೆಲೆಯಿಂದ ಕಳೆಯುತ್ತಾ ಹೋಗಬೇಕು. ವರ್ಷಕ್ಕೊಂದು ಯೂರೋ ಹಾಗೆ ನಾಲ್ಕು ಬಂದಿತ್ತು. ಕೊಂಡ ಬೆಲೆ ಹದಿನಾರಕ್ಕೆ ಇಳಿದು, ಲಾಭ ಆರಾಯಿತು. ತೆರಿಗೆ ಮಾಫಿಯಾಗಿರಲಿಲ್ಲ, ಮಾರುವ ದಿನದವರೆಗೆ ಮುಂದಕ್ಕೆ ಹೋಗಿತ್ತು ಅಷ್ಟೆ.

ತಪ್ಪಿದ್ದು ನನ್ನ ಲೆಕ್ಕವೇ. ಸಂಜೆ ಮೇಡಂ ಬಂದಾಗ ಬಾಯಿಂದ ಹೊರಟ ಮಾತೇ ಬೇರೆ. "ಬ್ಯಾಂಕಿನವರು ಏನೋ ಎಡವಟ್ಟು ಮಾಡಿದ್ದಾರೆ, ಬರೆದು ಕೇಳಿ" ಅಂದುಬಿಟ್ಟೆ. ಪಾಪ, ಅವರು ನಂಬಿ ಬರೆದರು. ದುಡ್ಡು ವಾಪಸ್ಸು ಬರುತ್ತೆ, ಸ್ವಲ್ಪ ತಡಿ ಅಂತ ಮಾಮಾಗೂ ಹೇಳಿದರು. "ಏನು ಆಡಿಟರಮ್ಮ, ಜರ್ಮನಿಯ ಬ್ಯಾಂಕೇ ನಿನ್ನ ಹತ್ತಿರ ಪಾಠ ಕಲಿಯಬೇಕಂತೆ?" ಅಂತ ಗಂಡ ರೇಗಿಸಿದರೆ ಅವರ ಮೇಲೆ ಹರಿಹಾಯ್ದೆ. ಹಾಸ್ಟೆಲ್ಲಿಗೆ ಬೇಕಾದಷ್ಟು ದುಡ್ಡು ನನ್ನ ಬೀರುವಿನಲ್ಲೇ ಇತ್ತು. ಕೊಟ್ಟರೆ ಯಾಕೆ ಅಂತ ಕೇಳುತ್ತಾರಲ್ಲ, ಆ ಒಂದು ಭಯಕ್ಕೆ ಕೊಡಲಿಲ್ಲ.

ಗುರುವಾರ ಹಾಸ್ಟೆಲ್ಲಿಗೆ ಕಡೇ ದಿನ. ಶುಕ್ರವಾರ ಬ್ಯಾಂಕಿನ ಉತ್ತರ ಬಂತು, ಹಿಡಿದಿದ್ದು ಸರಿಯಾಗಿಯೇ ಇದೆ ಅಂತ. ಆವಾಗ ಮೇಡಂ ಹತ್ತಿರ ಹೋಗಿ ತಪ್ಪೊಪ್ಪಿಕೊಂಡು ದುಡ್ಡು ಮುಂದಿಟ್ಟೆ. ಅವರು ಕಾಲೇಜಿಗೆ ಫೋನ್ ಮಾಡಿದರು. ಹಾಸ್ಟೆಲ್ಲಿನ ಮಂಚ ಬೇರೆ ಹುಡುಗಿಗೆ ಹೋಗಿಯಾಗಿತ್ತು, ಇನ್ನು ಮುಂದಿನ ವರ್ಷವೇ.

ಮುಂದಿನ ವಾರ ಮಾಮಾ ನಮ್ಮನೆಗೆ ಬಂದರು. ಮಗಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎರಡು ಮಟಾಟು ವ್ಯಾನು ಬದಲಾಯಿಸಿ ಕಾಲೇಜಿಗೆ ಹೋಗುತ್ತಿದ್ದಾಳೆ ಅಂದರು. ಬಟ್ಟೆ ಹಿಂಡುತ್ತಾ, "ನಮಗೋಸ್ಕರ ನೀವು ಎಷ್ಟೊಂದು ಕಾಗದ ಓದಿದಿರಿ, ಅಸಾಂಟೆ ಸಾನಾ" ಅಂತ ಕೃತಜ್ಞತೆ ಬೇರೆ ಹೇಳಿದರು. ನನಗೆ ನಾಚಿಕೆಯಾಯಿತು. ಲೆಕ್ಕ ತಪ್ಪಿದ್ದು ಬ್ಯಾಂಕಲ್ಲ, ನಾನು ಅಂದೆ.

"ಯಾರಿಗಾದರೂ ತಪ್ಪುತ್ತೆ" ಅಂದರು ಮಾಮಾ. ಆಮೇಲೆ ಕೈ ನಿಲ್ಲಿಸಿ ಕೇಳಿದರು: "ನಿಮಗೆ ಗೊತ್ತಾಗಿದ್ದು ಯಾವತ್ತು?"

"ಸೋಮವಾರ."

ಅವರು ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದರು. ಒಂದೊಂದೇ ಬಟ್ಟೆ ಕೊಡವಿ ಹರವಿದರು, ನಮ್ಮ ಮನೆಯವೆಲ್ಲ ಮುಗಿಯುವವರೆಗೆ ನನ್ನ ಕಡೆ ತಿರುಗಲಿಲ್ಲ.